ನಮ್ಮ ನೆಲ, ಕೆಳಮನೆಯವರ ಸೂರು: ಬಾತ್‌ರೂಮಿನ ವ್ಯಾನಿಟಿಯನ್ನು ನಾವೇ ಬದಲಾಯಿಸುವ ಬಗೆ

ಕಳೆದ ಮಳೆಗಾಲದ ಕೊನೆಗೆ ನಮ್ಮ ಬೇಸಿನ್ ಕೆಳಗಿನ ಕಪಾಟಿನ ಬಾಗಿಲು ಮುಚ್ಚದಾಯಿತು. ಮೊದಮೊದಲು ಕೈಯಿಂದ ಒತ್ತಿದರೆ ಮುಚ್ಚುತ್ತಿತ್ತು, ಆಮೇಲೆ ಮೊಣಕಾಲಿನಿಂದ ತಳ್ಳಬೇಕಾಯಿತು, ಕೊನೆಗೆ ಏನು ಮಾಡಿದರೂ ಇಲ್ಲ. ಬಗ್ಗಿ ನೋಡಿದರೆ ತಳದ ಹಲಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಉಬ್ಬಿತ್ತು. ಬೆರಳು ಒತ್ತಿದೆ, ಉಗುರಿನವರೆಗೆ ಒಳಗೆ ಹೋಯಿತು.

ಅಂಗಡಿಯವರ ಬಾಯಲ್ಲಿ ಈ ಜೋಡಣೆಗೆ ವ್ಯಾನಿಟಿ ಎಂದು ಹೆಸರು. ಮೇಲೆ ಬೇಸಿನ್, ಕೆಳಗೆ ಕಪಾಟು, ಕಪಾಟಿನೊಳಗೆ ಪೈಪುಗಳ ಸಂಸಾರ. ಬದಲಾಯಿಸಿ ಕೊಡಪ್ಪ ಎಂದು ಕರೆದ ಪ್ಲಂಬರ್ "ಸಾಹೇಬರು ಮನೆಯಲ್ಲಿರುವ ದಿನ ಬರುತ್ತೇನೆ ಭಾಭಿ" ಎಂದು ಎರಡು ಸಲ ಜಾರಿಕೊಂಡ. ಮೂರನೆಯ ಸಲ ನಾನು ಕರೆಯಲಿಲ್ಲ. ಧಾರವಾಡದಲ್ಲಿ ಅಪ್ಪ ಮನೆ ಕಟ್ಟಿಸುವಾಗ ಗೌಂಡಿಗಳ ಬೆನ್ನು ಹತ್ತಿ ತಿರುಗಿದವಳು ನಾನು. ರಸಮಟ್ಟ ಹಿಡಿಯುವುದು ಓದು ಕಲಿಯುವ ಮೊದಲೇ ಗೊತ್ತಿತ್ತು. ಒಂದು ಶನಿವಾರ, ಮರುದಿನದ ಅರ್ಧ ಭಾನುವಾರ, ನಡುವೆ ಒಂದು ಅವಘಡ. ಇಷ್ಟರಲ್ಲಿ ಕೆಲಸ ಮುಗಿಯಿತು.

ಆದರೆ ಧಾರವಾಡದ ಕೆಲಸವೇ ಬೇರೆ, ಮುಂಬೈಯ ಮುಲುಂಡಿನ ಫ್ಲಾಟಿನ ಕೆಲಸವೇ ಬೇರೆ. ಅಲ್ಲಿ ಪೈಪು ಸೋರಿದರೆ ಹಿತ್ತಿಲ ಬಾಳೆಗಿಡಕ್ಕೆ ಲಾಭ. ಇಲ್ಲಿ ನಮ್ಮ ನೆಲ ಎಂದರೆ ಕೆಳಮನೆಯವರ ಸೂರು. ಫ್ಲಾಟಿನೊಳಗಿನ ಶೌಚಾಲಯ, ಸಿಂಕುಗಳ ಸೋರಿಕೆಯ ದುರಸ್ತಿ ಆಯಾ ಸದಸ್ಯರದೇ ಖರ್ಚು ಎಂದು ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳು ಹೇಳುತ್ತವೆ. ಖರ್ಚು ಹೇಗೋ ಕೊಡಬಹುದು. ಲಿಫ್ಟಿನಲ್ಲಿ ದಿನಾ ಮುಖ ನೋಡಬೇಕಲ್ಲ. ಮುಂದೆ ಬರೆದಿರುವ ಹೆಜ್ಜೆಗಳಲ್ಲಿ ಅರ್ಧಕ್ಕರ್ಧ ನಮ್ಮ ಕಪಾಟಿಗಾಗಿ ಅಲ್ಲ, ಆ ಸೂರಿಗಾಗಿ.

ಮೊದಲು ಅಳತೆ, ಆಮೇಲೆ ಅಂಗಡಿ

ನಮ್ಮ ಬಾತ್‌ರೂಮ್ 4 ಅಡಿ ಅಗಲ, 7 ಅಡಿ ಉದ್ದ. ಬಾಗಿಲು ಒಳಕ್ಕೆ ತೆರೆಯುತ್ತದೆ. ಇಂಥ ಕಡೆ ಅಗಲಕ್ಕಿಂತ ಆಳವೇ ಹೆಚ್ಚು ಕಾಡುತ್ತದೆ. ಷೋರೂಮಿನ ವಿಶಾಲ ಹಾಲಿನಲ್ಲಿ 24 ಇಂಚು ಅಗಲ, 18 ಇಂಚು ಆಳದ ಕಪಾಟು ಪುಟ್ಟ ಮಗುವಿನಂತೆ ಕಾಣುತ್ತದೆ. ಮನೆಗೆ ತಂದರೆ ಕಮೋಡಿನ ಮೇಲೆ ಕುಳಿತವರ ಮೊಣಕಾಲಿಗೆ ಬಡಿಯುತ್ತದೆ. ನಾನು ಹಳೆಯ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ, ಕೊಳ್ಳಬೇಕೆಂದಿದ್ದ ಕಪಾಟಿನ ಅಳತೆಗೆ ಅಂಟಿಸಿ, ಹಳೆಯದರ ಮುಂದೆ ಎಷ್ಟು ಹೆಚ್ಚು ಚಾಚುತ್ತದೋ ಅಷ್ಟಕ್ಕೆ ಎರಡು ದಿನ ನಿಲ್ಲಿಸಿದೆ. ಮೊದಲ ಸಂಜೆಯೇ ನಮ್ಮ ಮನೆಯವರು ಅದಕ್ಕೆ ಡಿಕ್ಕಿ ಹೊಡೆದು ಒಂದು ಮೂಲೆ ಜಜ್ಜಿದರು. ಆಳವನ್ನು 16 ಇಂಚಿಗೆ ಇಳಿಸಿದೆ.

ಬೇಸಿನ್ನಿನ ಅಂಚು ನೆಲದಿಂದ 32ರಿಂದ 34 ಇಂಚು ಎತ್ತರದಲ್ಲಿದ್ದರೆ ದೊಡ್ಡವರಿಗೆ ಬೆನ್ನು ಬಗ್ಗಿಸುವ ಕಷ್ಟವಿಲ್ಲ. ಕಪಾಟಿನ ಮೇಲೆ ಬಟ್ಟಲಿನಂತೆ ಕೂರುವ ಬೇಸಿನ್ ಇಷ್ಟವಾದರೆ ಆ ಬಟ್ಟಲಿನ ಎತ್ತರವನ್ನು ಈ ಲೆಕ್ಕದಿಂದ ಕಳೆಯಬೇಕು. ಕಳೆಯದೆ ಕೊಂಡವರ ಮನೆಯಲ್ಲಿ ಮುಖ ತೊಳೆದರೆ ನೀರು ಮೊಣಕೈಗುಂಟ ಕಂಕುಳಿಗೆ ಇಳಿಯುವುದನ್ನು ನಾನು ಅನುಭವಿಸಿ ಬಂದಿದ್ದೇನೆ.

ಇನ್ನು ಗೋಡೆಯಲ್ಲಿರುವ ಬಾಯಿಗಳು. ಕೊಳೆನೀರಿನ ಪೈಪಿನ ಬಾಯಿ ಸಾಮಾನ್ಯವಾಗಿ ನೆಲದಿಂದ 20-22 ಇಂಚಿಗೆ ಇರುತ್ತದೆ, ನೀರು ಬರುವ ಆ್ಯಂಗಲ್ ಕಾಕ್‌ಗಳು (ಗೋಡೆಯಿಂದ ಬರುವ ನೀರನ್ನು ತೆರೆದು ಮುಚ್ಚುವ ಸಣ್ಣ ತಿರುಗಣೆಗಳು) ಅದಕ್ಕಿಂತ ಚೂರು ಮೇಲೆ. ಇವುಗಳ ನಡುಗೆರೆ ಎಲ್ಲಿದೆ, ಎಡ-ಬಲ ಗೋಡೆಯಿಂದ ಎಷ್ಟು ದೂರ ಎಂದು ಒಂದು ಹಾಳೆಯಲ್ಲಿ ಚಿತ್ರ ಬರೆದುಕೊಳ್ಳಿ. ಡ್ರಾಯರ್ ಇರುವ ಕಪಾಟು ನೋಡಲು ಚಂದ. ಆದರೆ ಪೈಪಿಗೆ ದಾರಿ ಬಿಡಲು ಡ್ರಾಯರಿನ ನಡುವೆ ಕುದುರೆ ಲಾಳದ ಆಕಾರದ ಕಚ್ಚು ಇರಬೇಕು, ಆ ಕಚ್ಚು ನಮ್ಮ ಪೈಪಿನ ಎದುರಿಗೇ ಬರಬೇಕು. ಬಾಗಿಲಿನ ಕಪಾಟಿಗೆ ಈ ತಲೆನೋವಿಲ್ಲ. ನಾನು ಬಾಗಿಲನ್ನೇ ಆರಿಸಿದೆ.

ಗೋಡೆಯಲ್ಲಿ ಕೊಳೆನೀರಿನ ಬಾಯಿಯೇ ಇಲ್ಲದೆ ಬೇಸಿನ್ನಿನ ನೀರು ಬಿಳಿ ಸುರುಳಿ ಪೈಪಿನಲ್ಲಿ ಇಳಿದು ನೆಲದ ನಹಾನಿ ಟ್ರ್ಯಾಪಿಗೆ ಬೀಳುವ ವ್ಯವಸ್ಥೆಯೂ ಹಳೆಯ ಕಟ್ಟಡಗಳಲ್ಲಿ ಬೇಕಾದಷ್ಟಿದೆ. ನಹಾನಿ ಎಂದರೆ ಮರಾಠಿಯ ನ್ಹಾಣಿ, ನಮ್ಮ ಬಚ್ಚಲು. ಹಾಗಿದ್ದರೆ ನೆಲಕ್ಕೆ ಮುಟ್ಟುವ ಕಪಾಟನ್ನು ಕೊಳ್ಳಬೇಡಿ. ಆ ಟ್ರ್ಯಾಪಿನ ಜಾಲರಿಯನ್ನು ತೆಗೆದು ಕೂದಲು ಹೊರಕ್ಕೆಳೆಯುವ ದಿನ ನನ್ನನ್ನು ನೆನೆಸಿಕೊಳ್ಳುತ್ತೀರಿ.

ಯಾವ ಹಲಗೆ?

ಇದರಲ್ಲಿ ಮಾತ್ರ ನಾನು ಹಟಮಾರಿ. ಮರದ ಪುಡಿ, ನಾರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಮತ್ತು ಎಂಡಿಎಫ್ ಮುಂಬೈಯ ಬಾತ್‌ರೂಮಿಗೆ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟವೆಲ್ ಕೂಡ ಒಣಗದ ಊರು ಇದು. ಬಹಳ ಬಾತ್‌ರೂಮುಗಳ ಕಿಟಕಿ ತೆರೆಯುವುದು ಕಟ್ಟಡದ ಪೈಪುಗಳು ಇಳಿಯುವ, ಬಿಸಿಲು ಕಾಣದ ಡಕ್ಟಿಗೆ. ಹೊಳಪಿನ ಹಾಳೆ ಅಂಟಿಸಿದ್ದರೂ ಸ್ಕ್ರೂ ಕೊರೆದ ತೂತಿನಿಂದ, ಕತ್ತರಿಸಿದ ಅಂಚಿನಿಂದ ತೇವ ಒಳಹೊಕ್ಕು ಎರಡು-ಮೂರು ಮಳೆಗಾಲಕ್ಕೆ ಕತೆ ಮುಗಿಯುತ್ತದೆ. ನಮ್ಮದರ ಕತೆ ಮುಗಿದದ್ದು ಹೀಗೆಯೇ.

ಪ್ಲೈವುಡ್ ಆದರೆ ಅದರ ಮೇಲಿನ ಮುದ್ರೆ ಓದಿ. ಎಂಆರ್ ಎಂದಿದ್ದರೆ ತೇವ ತಡೆಯುವುದಷ್ಟೇ. ಅದು ಮಲಗುವ ಕೋಣೆಯ ಬೀರುವಿಗೆ ಸರಿ. ಇಲ್ಲಿ ಬೇಕಿರುವುದು ಬಿಡಬ್ಲ್ಯುಪಿ, ಅಂದರೆ ಮರೀನ್ ಪ್ಲೈ. ಅದರ ಮೇಲೆ ಐಎಸ್ 710 ಎಂಬ ಸಂಖ್ಯೆ ಇರುತ್ತದೆ. ಆ ಮಾನದಂಡದ ಪ್ರಕಾರ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿ ಇಟ್ಟರೂ ಪದರಗಳು ಬಿಡಬಾರದು. ಇನ್ನೊಂದು ದಾರಿ ಪಿವಿಸಿ ಅಥವಾ ಡಬ್ಲ್ಯುಪಿಸಿ (ಮರದ ಪುಡಿ ಬೆರೆಸಿದ ಪ್ಲಾಸ್ಟಿಕ್) ಬೋರ್ಡ್. ನೀರಿಗೆ ಅದು ಜಗ್ಗುವುದೇ ಇಲ್ಲ, ಗೆದ್ದಲು ಮುಟ್ಟುವುದಿಲ್ಲ. ಸ್ಕ್ರೂ ಹಿಡಿತ ಮಾತ್ರ ಪ್ಲೈಗಿಂತ ಕಡಿಮೆ, ಹಿಂಜುಗಳನ್ನು ಬಿಚ್ಚಿ ಬಿಚ್ಚಿ ಹಾಕಿದರೆ ಸಡಿಲವಾಗುತ್ತವೆ. ನಾನು 18 ಮಿಲಿಮೀಟರ್ ದಪ್ಪದ ಪಿವಿಸಿ ಕಪಾಟು ಕೊಂಡೆ. ಹಿಂಜು, ಹಿಡಿಕೆಗಳು ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ.

ಗೋಡೆಗೆ ತೂಗುಹಾಕುವ ಕಪಾಟಾದರೆ ಕೆಳಗೆ ಪೊರಕೆ ಆಡಿಸಬಹುದು. ಆದರೆ ಬೇಸಿನ್ ಸೇರಿ 30 ಕಿಲೋ ಮುಟ್ಟುವ ಭಾರವನ್ನು ಗೋಡೆ ಹೊರಬೇಕು. ಹೊರಬಲ್ಲದೇ? ಬೆರಳ ಗೆಣ್ಣಿನಿಂದ ಟೈಲ್ಸ್ ಮೇಲೆ ಬಡಿದು ಕೇಳಿ. ಹಳೆಯ ಕಟ್ಟಡದ ಸುಟ್ಟ ಇಟ್ಟಿಗೆ, ಕಾಂಕ್ರೀಟು ಗಟ್ಟಿ ದನಿ ಕೊಡುತ್ತವೆ. ಟೈಲ್ಸಿನ ಹಿಂದೆ ಟೊಳ್ಳು ದನಿ ಬಂದರೆ ಅಲ್ಲಿ ಸಿಮೆಂಟು ಬಿಟ್ಟಿದೆ ಎಂದು ಅರ್ಥ. ಈಚಿನ ಕಟ್ಟಡಗಳಲ್ಲಿ ಸಿಪೊರೆಕ್ಸ್ ಎಂದು ಎಲ್ಲರೂ ಕರೆಯುವ ಹಗುರ ಬಿಳಿ ಬ್ಲಾಕುಗಳ ಗೋಡೆ ಇರುತ್ತದೆ. ಡ್ರಿಲ್ ಇಟ್ಟರೆ ಬೆಣ್ಣೆಗೆ ಚಾಕು ಹಾಕಿದಂತೆ ಇಳಿಯುತ್ತದೆ, ಬೂದು-ಬಿಳಿ ಹಿಟ್ಟು ಉದುರುತ್ತದೆ. ಅದರಲ್ಲಿ ಮಾಮೂಲಿ ಫಾಸ್ಟನರ್, ಅಂದರೆ ತೂತಿನಲ್ಲಿ ಹಿಗ್ಗಿ ಗೋಡೆ ಕಚ್ಚುವ ಬೋಲ್ಟು, ನಿಲ್ಲುವುದಿಲ್ಲ. ಆ ಬ್ಲಾಕಿಗೆಂದೇ ಮಾಡಿದ ಉದ್ದನೆಯ ನೈಲಾನ್ ಪ್ಲಗ್ ಬೇಕು, ಅದಕ್ಕಿಂತ ಒಳ್ಳೆಯದು ಕಾಲಿರುವ ಕಪಾಟು. ಕಾಲು ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ ಆಗಿರಲಿ, ನೆಲದಿಂದ 4 ಇಂಚಾದರೂ ಎತ್ತಿರಲಿ.

ಸಾಮಾನು ತರುವ ದಿನ

ಸ್ಲೋ ಲೋಕಲ್‌ನಲ್ಲಿ ಮಸ್ಜಿದ್‌ಗೆ ಇಳಿದು ನಾಗದೇವಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳನ್ನು ಸುತ್ತುವುದು ನನಗೆ ಸೀರೆ ಅಂಗಡಿಗಿಂತ ಪ್ರಿಯ. ಎಲ್ಲವೂ ಅಲ್ಲಿಂದಲೇ ಬರಬೇಕೆಂದಿಲ್ಲ. ಮನೆ ಹತ್ತಿರದ ಸೇಠ್ ಅಂಗಡಿಯಲ್ಲೂ ಇವೆಲ್ಲ ಸಿಗುತ್ತವೆ, ತಪ್ಪು ಅಳತೆ ತಂದರೆ ಬದಲಾಯಿಸಿ ಕೊಡುತ್ತಾನೆ ಎಂಬುದೇ ದೊಡ್ಡ ಗುಣ. ಬೇಸಿನ್ನನ್ನು ಮಾತ್ರ ಲೋಕಲ್‌ನಲ್ಲಿ ತರುವ ಸಾಹಸ ಬೇಡ. ಮನೆಗೆ ತಲುಪಿಸುವಂತೆ ಹೇಳಿ, ಬಂದವನು ಹೊರಡುವ ಮುನ್ನ ಪೆಟ್ಟಿಗೆ ಬಿಚ್ಚಿ ಗೆಣ್ಣಿನಿಂದ ಬಡಿಯಿರಿ. ಮಡಕೆ ಕೊಳ್ಳುವಾಗ ಅಜ್ಜಿ ಮಾಡುತ್ತಿದ್ದ ಪರೀಕ್ಷೆಯೇ ಇದಕ್ಕೂ. ಠಣ್ ಎಂದರೆ ಇಟ್ಟುಕೊಳ್ಳಿ, ಬಡ್ಡು ದನಿ ಬಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ.

ಬೇಕಾದವು: ಅರ್ಧ ಇಂಚಿನ ಎರಡು ಆ್ಯಂಗಲ್ ಕಾಕ್, ಕಾಕ್‌ನಿಂದ ನಲ್ಲಿಗೆ ನೀರು ಒಯ್ಯುವ 18 ಇಂಚಿನ ಎರಡು ಕನೆಕ್ಷನ್ ಪೈಪ್, ಕೊಳೆನೀರಿನ ದಾರಿಯಲ್ಲಿ ಸ್ವಲ್ಪ ನೀರು ಹಿಡಿದಿಟ್ಟು ನಾತ ತಡೆಯುವ 32 ಮಿಲಿಮೀಟರ್ ಬಾಟಲ್ ಟ್ರ್ಯಾಪ್, ಬೇಸಿನ್ನಿನ ತಳದ ತೂತಿಗೆ ಕೂರುವ ವೇಸ್ಟ್ ಕಪ್ಲಿಂಗ್, ತಿರುಪಿನ ಜೋಡಣೆಗೆ ಸುತ್ತುವ ನಾಲ್ಕು ಟೆಫ್ಲಾನ್ ಟೇಪ್, ಬಾತ್‌ರೂಮಿಗೆಂದೇ ಬರುವ ಬೂಸ್ಟು ತಡೆಯುವ ಸಿಲಿಕೋನ್ ಒಂದು ಕೊಳವೆ, ಗೋಡೆಗೆ ತಕ್ಕ ಫಾಸ್ಟನರ್‌ಗಳು. ಹಳೆಯ ಕಾಕ್‌ಗಳು ಚೆನ್ನಾಗಿಯೇ ಇವೆಯಲ್ಲ ಎಂದು ಉಳಿಸಿಕೊಳ್ಳುವ ಜಿಪುಣತನ ಬೇಡ. ಹೊಸ ಕಪಾಟಿನ ಹಿಂದೆ ಸೇರಿದ ಮೇಲೆ ಅವು ಸೋರಲು ಶುರುವಾದರೆ ಎಲ್ಲವನ್ನೂ ಮತ್ತೆ ಇಳಿಸಬೇಕು.

ವೇಸ್ಟ್ ಕಪ್ಲಿಂಗ್ ಬಗ್ಗೆ ಒಂದು ಮಾತು, ಇದನ್ನು ಅಂಗಡಿಯವನು ತಾನಾಗಿ ಹೇಳುವುದಿಲ್ಲ. ಬೇಸಿನ್ನಿನ ಒಳಗೋಡೆಯಲ್ಲಿ ಹೆಚ್ಚಾದ ನೀರು ಹೋಗಲು ಸಣ್ಣ ಕಂಡಿ ಇದೆಯೇ ನೋಡಿ. ಇದ್ದರೆ ಹಾಫ್ ಥ್ರೆಡ್ ಕಪ್ಲಿಂಗ್ ಬೇಕು. ಅದರ ಪಕ್ಕೆಯಲ್ಲಿ ಸೀಳುಗಳಿರುತ್ತವೆ, ಕಂಡಿಯಿಂದ ಇಳಿದ ನೀರು ಆ ಸೀಳಿನ ಮೂಲಕ ಒಳಸೇರುತ್ತದೆ. ಕಂಡಿ ಇಲ್ಲದಿದ್ದರೆ ಫುಲ್ ಥ್ರೆಡ್. ಅದಲು ಬದಲಾದರೆ, ಮೊದಲನೆಯದರಲ್ಲಿ ನೀರು ಒಳಗೇ ನಿಂತು ನಾರುತ್ತದೆ, ಎರಡನೆಯದರಲ್ಲಿ ಕಪಾಟಿನೊಳಕ್ಕೆ ಸುರಿಯುತ್ತದೆ.

ಹೇಳಿ ಕೇಳಿ

ಸೊಸೈಟಿ ಕಚೇರಿಗೆ ಎರಡು ಸಾಲಿನ ಅರ್ಜಿ ಕೊಡಿ. ಡ್ರಿಲ್ ಸದ್ದಿಗೆ ಯಾವ ಹೊತ್ತು ಅನುಮತಿ ಇದೆ, ಮಧ್ಯಾಹ್ನದ ನಿದ್ದೆಯ ಹೊತ್ತು ಯಾವುದು ಎಂದು ಕೇಳಿಕೊಳ್ಳಿ. ಆಮೇಲೆ ಕೆಳಮನೆಗೆ ಹೋಗಿ. ನಾನು ಹೋದಾಗ ಕೆಳಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಚಹಾ ಕೊಟ್ಟು, ಪೂರ್ತಿ ಕೇಳಿ, ಮರಾಠಿಯಲ್ಲಿ ಇಷ್ಟೇ ಹೇಳಿದರು: "ನೀನೇ ಮಾಡುತ್ತೀಯಾ? ಮಾಡು, ಮಾಡು. ಬಾತ್‌ರೂಮಿಗೆ ದೀಪಾವಳಿಗೆಂದು ಈಗಷ್ಟೇ ಬಣ್ಣ ಹೊಡೆಸಿದ್ದೇನೆ, ಅದೊಂದು ನೆನಪಿರಲಿ."

ನೀರು ನಿಲ್ಲಿಸುವುದು

ಪ್ರತಿ ಬಾತ್‌ರೂಮಿಗೂ ಸಾಮಾನ್ಯವಾಗಿ ಒಂದು ವಾಲ್ವ್ ಇರುತ್ತದೆ. ಎಲ್ಲಿ ಎಂಬುದೇ ಪ್ರಶ್ನೆ. ನಮ್ಮದು ಕಿಟಕಿಯ ಹೊರಗೆ, ಡಕ್ಟಿನ ಅಂಚಿನಲ್ಲಿ, ಪಾರಿವಾಳದ ಹಿಕ್ಕೆಯಡಿ ಹೂತುಹೋಗಿತ್ತು. ವರ್ಷಗಟ್ಟಲೆ ತಿರುಗಿಸದ ವಾಲ್ವು ತಿರುಗುವುದಿಲ್ಲ, ತಿರುಗಿದರೂ ಪೂರ್ತಿ ಮುಚ್ಚುವುದಿಲ್ಲ. ಆದ್ದರಿಂದ ಕೆಲಸದ ಹಿಂದಿನ ವಾರವೇ ಮುಚ್ಚಿ ನೋಡಿ: ಬೇಸಿನ್ನಿನ ನಲ್ಲಿ ತೆರೆದಿಟ್ಟು 10 ನಿಮಿಷ ಕಾಯಿರಿ. ಹನಿ ನಿಂತರೆ ಸರಿ. ನಿಲ್ಲದಿದ್ದರೆ ತಾರಸಿಯ ಟ್ಯಾಂಕಿನಿಂದ ಇಳಿಯುವ ಪೈಪನ್ನೇ ಒಂದು ಗಂಟೆ ಮುಚ್ಚಿಸಬೇಕು, ಅದಕ್ಕೆ ಕಾವಲುಗಾರನ ಜೊತೆಗೂ ಆ ಸಾಲಿನ ಎಲ್ಲ ಮನೆಗಳ ಜೊತೆಗೂ ಮಾತಾಡಬೇಕು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 10 ಮೀಟರ್ ಎತ್ತರದಲ್ಲಿ ನಿಂತ ನೀರು ಕೆಳಗೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಹಾಕುತ್ತದೆ. ನಾವು ಏಳು ಮಹಡಿಯ ಕಟ್ಟಡದ ಎರಡನೆಯದರಲ್ಲಿದ್ದೇವೆ. ನಮ್ಮ ಕಾಕ್‌ಗೂ ತಾರಸಿಯ ಟ್ಯಾಂಕಿಗೂ ನಡುವೆ 15 ಮೀಟರಿಗಿಂತ ಹೆಚ್ಚು ನೀರು ನಿಂತಿದೆ. ಅರ್ಧ ಇಂಚಿನ ಬಾಯಿ ತೆರೆದರೆ ಅದು ಸೋರುವುದಿಲ್ಲ, ಎಗರುತ್ತದೆ.

ಗೀಸರ್ ಇದ್ದರೆ ಅದರ ಸ್ವಿಚ್ಚು ಮೊದಲೇ ಆರಿಸಿ, ಅದಕ್ಕೆ ನೀರು ಹೋಗುವ ಕಾಕನ್ನೂ ಮುಚ್ಚಿ. ಬಿಸಿನೀರಿನ ಸಾಲಿನಲ್ಲಿ ಉಳಿದ ನೀರು ಕೈ ಸುಡುತ್ತದೆ.

ಹಳೆಯದನ್ನು ಇಳಿಸುವುದು, ಮತ್ತು ಅವಘಡ

ಹೊಸದನ್ನು ಕೂರಿಸಲು ಮೂರು ಗಂಟೆ ಸಾಕಾಯಿತು. ಹಳೆಯದನ್ನು ತೆಗೆಯಲು ಇಡೀ ಶನಿವಾರ ಹೋಯಿತು. ಇದಕ್ಕೆ ಮನಸ್ಸು ಸಿದ್ಧಮಾಡಿಕೊಂಡೇ ಕೂರಿ.

ಮೊದಲು ನೆಲದ ಟ್ರ್ಯಾಪಿನ ಮೇಲೆ ಹಳೆಯ ಟವೆಲ್ ಹಾಸಿ. ಜಾರಿದ ಸ್ಕ್ರೂಗಳೆಲ್ಲ ನೇರ ಅಲ್ಲಿಗೇ ಓಡುತ್ತವೆ. ಬಾಟಲ್ ಟ್ರ್ಯಾಪಿನ ಕೆಳಗೆ ಬಕೆಟ್ ಇಟ್ಟು ಅದರ ಬುಡವನ್ನು ಕೈಯಿಂದ ತಿರುಗಿಸಿ ಬಿಚ್ಚಿ. ಕಪ್ಪು ನೀರು, ಕೂದಲು, ನಮ್ಮದರಲ್ಲಿ ಎರಡು ವರ್ಷದ ಹಿಂದೆ ಕಳೆದುಹೋದ ಒಂದು ಕಿವಿಯೋಲೆಯ ತಿರುಪು, ಎಲ್ಲ ಬೀಳುತ್ತವೆ. ಟ್ರ್ಯಾಪ್ ಹೋದ ಕೂಡಲೇ ಗೋಡೆಯ ಪೈಪಿನಿಂದ ದುರ್ನಾತ ಬರುತ್ತದೆ, ಜಿರಲೆಯೂ ಬರಬಹುದು. ಇಷ್ಟು ದಿನ ಅದನ್ನು ತಡೆದಿದ್ದದ್ದು ಟ್ರ್ಯಾಪಿನಲ್ಲಿ ನಿಂತ ಎರಡು-ಮೂರು ಇಂಚು ನೀರು. ಆ ಬಾಯಿಗೆ ಬಟ್ಟೆ ತುರುಕಿ. ಬಟ್ಟೆಗೆ ಒಂದು ದಾರ ಕಟ್ಟಿ, ದಾರದ ತುದಿಯನ್ನು ಹೊರಗೆ ಟೇಪಿನಿಂದ ಅಂಟಿಸಿ. ದಾರವಿಲ್ಲದೆ ಬಟ್ಟೆ ಒಳಗೆ ಜಾರಿದರೆ ಆಮೇಲೆ ಇಡೀ ಕಟ್ಟಡದ ಪೈಪೇ ನಿಮ್ಮ ಕೆಲಸವಾಗುತ್ತದೆ.

ಬೇಸಿನ್ ಮತ್ತು ಗೋಡೆಯ ನಡುವಿನ ಸಿಲಿಕೋನ್ ಅಥವಾ ಬಿಳಿ ಸಿಮೆಂಟನ್ನು ಕಟರ್‌ನಿಂದ ಎರಡು-ಮೂರು ಸಲ ಸೀಳಿ. ಒಂದೇ ಏಟಿಗೆ ಎಳೆದರೆ ಟೈಲ್ಸ್ ಕಿತ್ತು ಬರುತ್ತದೆ. ಎತ್ತಲು ಇಬ್ಬರು ಬೇಕು. ನಮ್ಮ ಮನೆಯವರು ಅಲ್ಲಿಯವರೆಗೆ ಟಾರ್ಚ್ ಹಿಡಿಯುವ ಹುದ್ದೆಯಲ್ಲಿದ್ದರು, ಈಗ ಬಡ್ತಿ ಸಿಕ್ಕಿತು.

ಉಳಿದದ್ದು ಆ್ಯಂಗಲ್ ಕಾಕ್. ಎಂಬತ್ತರ ದಶಕದ ನಮ್ಮ ಕಟ್ಟಡದಲ್ಲಿ ಗೋಡೆಯೊಳಗೆ ಜಿಐ ಪೈಪುಗಳಿವೆ, ಅಂದರೆ ಸತು ಲೇಪಿಸಿದ ಕಬ್ಬಿಣ. ಸತು ಸವೆದ ಮೇಲೆ ಕಬ್ಬಿಣವನ್ನು ತುಕ್ಕು ಒಳಗಿನಿಂದ ತಿನ್ನುತ್ತದೆ. ಎಡಗಡೆಯ ಕಾಕ್ ಸರಾಗವಾಗಿ ಬಂತು. ಬಲಗಡೆಯದಕ್ಕೆ ಪಾನಾ ಹಾಕಿ ಮೈಭಾರ ಬಿಟ್ಟೆ. ಕಟಕ್ ಎಂಬ ಸಣ್ಣ ಸದ್ದು. ಕಾಕ್ ಕೈಗೆ ಬಂತು, ಅದರ ಹಿಂದಿನ ನಿಪ್ಪಲ್ (ಕಾಕನ್ನು ಗೋಡೆಯ ಪೈಪಿಗೆ ಸೇರಿಸುವ ಗಿಡ್ಡ ಕೊಳವೆ) ಅರ್ಧ ಕಾಕ್‌ನಲ್ಲಿ, ಅರ್ಧ ಗೋಡೆಯೊಳಗೆ. ಅಂಚು ನೋಡಿದರೆ ಸುಟ್ಟ ರೊಟ್ಟಿಯ ಚೂರಿನಂತೆ ಕಂದು ಪದರ ಪದರ. ವಾಲ್ವ್ ಮುಚ್ಚಿದ್ದು ಆ ಹೊತ್ತಿಗೆ ಸಾರ್ಥಕವಾಯಿತು, ಬಿದ್ದದ್ದು ಒಂದು ಲೋಟ ನೀರು ಮಾತ್ರ.

ಇಂಥ ಹೊತ್ತಿಗೆ ನಿಲ್ಲಬೇಕು. ಕಿರಿದಾದ ಗೂಡಿನಲ್ಲಿ ಮುರಿದ ನಿಪ್ಪಲ್ ಕೀಳಲು ಉಳಿ ಹಾಕಿದರೆ ಒಳಗಿನ ಎಲ್ಬೋದ, ಅಂದರೆ ಪೈಪು ತಿರುಗುವ ತುಂಡಿನ, ತಿರುಪು ಸುರುಳಿ ಕೆಡುತ್ತದೆ, ಆಮೇಲೆ ಗೋಡೆ ಒಡೆಯದೆ ದಾರಿಯಿಲ್ಲ. ಬೇರೊಬ್ಬ ಪ್ಲಂಬರನ್ನು ಕರೆದೆ. ಆತ ಹಳೆಯ ಅರದ ಚೌಕ ಬಾಲವನ್ನು ಮುರಿದ ನಿಪ್ಪಲ್‌ನ ತೂತಿಗೆ ಇಟ್ಟು, ಸುತ್ತಿಗೆಯಿಂದ ಎರಡು ಸಲ ಮೆಲ್ಲಗೆ ತಟ್ಟಿ ಕಚ್ಚಿಸಿ, ಅರಕ್ಕೇ ಪಾನಾ ಹಾಕಿ ಎಡಕ್ಕೆ ತಿರುಗಿಸಿದ. ಬೆಣ್ಣೆಯಲ್ಲಿ ಹೂತ ಕೂದಲು ಬರುವಂತೆ ಬಂತು. ಐದು ನಿಮಿಷದ ಕೆಲಸಕ್ಕೆ 400 ರೂಪಾಯಿ ತೆಗೆದುಕೊಂಡ. ಕೊಡುವಾಗ ಒಂದು ಚೂರೂ ಬೇಸರವಾಗಲಿಲ್ಲ. ಹೋಗುವಾಗ ಸಾಹೇಬರನ್ನು ಕೇಳಲೂ ಇಲ್ಲ.

ಜಿಐ ಪೈಪಿದ್ದರೆ ಬಿಚ್ಚುವ ಹಿಂದಿನ ರಾತ್ರಿಯೇ ಸುರುಳಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ. ಹಿಂದಿನ ನಿಪ್ಪಲ್‌ನ ತುಂಡು ಕಾಣುತ್ತಿದ್ದರೆ ಅದನ್ನು ಒಂದು ಪೈಪ್ ರೆಂಚಿನಿಂದ ಹಿಡಿದು, ಇನ್ನೊಂದರಿಂದ ಕಾಕ್ ತಿರುಗಿಸಿ. ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಾದರೆ ತುಕ್ಕಿನ ಭಯವಿಲ್ಲ, ಆದರೆ ಗೋಡೆಯೊಳಗಿನ ಪ್ಲಾಸ್ಟಿಕ್ ಜೋಡಣೆ ತಿರುಚುವ ಬಲಕ್ಕೆ ಬಿರಿಯುತ್ತದೆ. ಎರಡರಲ್ಲೂ ಮೈಭಾರ ಬಿಡಬೇಡಿ.

ಗೋಡೆಗೆ ಒಂದು ರಾತ್ರಿ

ಕಪಾಟು ಹೋದ ಮೇಲೆ ಕಾಣುವ ಗೋಡೆ ಯಾರಿಗೂ ಇಷ್ಟವಾಗುವುದಿಲ್ಲ. ಬೂಸ್ಟು ಒರೆಸಿ, ಸಡಿಲ ಟೈಲ್ಸ್ ತೆಗೆದು ಮತ್ತೆ ಅಂಟಿಸಿ, ಪೈಪುಗಳ ಸುತ್ತಲಿನ ಬಿರುಕನ್ನು ಬಿಳಿ ಸಿಮೆಂಟಿನಿಂದ ಮುಚ್ಚಿ, ರಾತ್ರಿಯಿಡೀ ಫ್ಯಾನ್ ಹಾಕಿ ಬಿಡಿ. ಕೆಳಗಿನ ಸೂರಿಗೆ ನೀರು ಇಳಿಯುವುದು ಬಹಳ ಸಲ ಪೈಪು ಸೋರಿ ಅಲ್ಲ, ಪೈಪಿನ ಸುತ್ತಲಿನ ಈ ಬಿರುಕಿನಿಂದ. ಆ ರಾತ್ರಿ ಹಲ್ಲುಜ್ಜಲು ಅಡುಗೆಮನೆಯ ಸಿಂಕ್ ಇದೆಯಲ್ಲ.

ಕೊರೆಯುವುದು, ಕೂರಿಸುವುದು

ಭಾನುವಾರ ಬೆಳಿಗ್ಗೆ ಗೋಡೆಯ ಮೇಲೆ ಗೆರೆ ಹಾಕಿದೆ. ನೆಲದಿಂದ ಅಳೆಯಬೇಡಿ, ಬಾತ್‌ರೂಮಿನ ನೆಲಕ್ಕೆ ಇಳಿಜಾರಿರುತ್ತದೆ. ಒಂದು ಕಡೆ ಅಳೆದು ರಸಮಟ್ಟದಿಂದ ಇನ್ನೊಂದು ಕಡೆಗೆ ಒಯ್ಯಿರಿ. ತೂತಿನ ಜಾಗದಲ್ಲಿ ಕಾಗದದ ಟೇಪ್ ಅಂಟಿಸಿ ಅದರ ಮೇಲೆ ಗುರುತು ಮಾಡಿದರೆ ಡ್ರಿಲ್ ಮೊನೆ ಜಾರುವುದಿಲ್ಲ. ಆ್ಯಂಗಲ್ ಕಾಕ್‌ಗಳ ನೇರ ಮೇಲೆ, ನೇರ ಕೆಳಗೆ, ಮತ್ತು ಗೀಸರಿನ ಸ್ವಿಚ್ಚಿನಿಂದ ಅದಕ್ಕೆ ಹೋಗುವ ದಾರಿಯಲ್ಲಿ ಕೊರೆಯಬೇಡಿ. ಪೈಪು, ತಂತಿಗಳು ಸಾಮಾನ್ಯವಾಗಿ ಆ ನೇರ ಗೆರೆಗಳಲ್ಲೇ ಇರುತ್ತವೆ. ಟೈಲ್ಸ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ (ಕುಟ್ಟುತ್ತ ಕೊರೆಯುವ ಗುಂಡಿ) ಬಂದ್ ಇರಲಿ, ಟೈಲ್ಸಿನ ಬಿಟ್‌ನಿಂದ ನಿಧಾನವಾಗಿ. ಟೈಲ್ಸ್ ದಾಟಿದ ಮೇಲೆ ಗೋಡೆಯ ಬಿಟ್ ಹಾಕಿ ಹ್ಯಾಮರ್ ಹಚ್ಚಿ. ನಮ್ಮ ಮನೆಯವರು ಮನೆ ಗುಡಿಸುವ ವ್ಯಾಕ್ಯೂಮ್‌ನ ಮೂತಿಯನ್ನು ತೂತಿನ ಕೆಳಗೆ ಹಿಡಿದರು, ಧೂಳು ಒಂದು ಚಮಚೆಯೂ ಹೊರಗೆ ಬೀಳಲಿಲ್ಲ.

ಕಪಾಟಿನ ಬೆನ್ನಿನ ಹಲಗೆಯಲ್ಲಿ ಪೈಪುಗಳಿಗೆ ತೂತು ಬೇಕಲ್ಲ, ಆಗ ಹಾಳೆಯ ಚಿತ್ರ ಕೆಲಸಕ್ಕೆ ಬರುತ್ತದೆ. ತೂತನ್ನು ಪೈಪಿಗಿಂತ ಅರ್ಧ ಇಂಚು ದೊಡ್ಡದಾಗಿ ಕೊರೆಯಿರಿ. ಪ್ಲೈವುಡ್ ಆಗಿದ್ದರೆ ಕತ್ತರಿಸಿದ ಅಂಚಿಗೆಲ್ಲ ತೆಳುವಾಗಿ ಸಿಲಿಕೋನ್ ಸವರಿ. ನೀರು ನುಗ್ಗುವ ಬಾಗಿಲು ಅದೇ.

ಒಂದು ಸಲ ಏನನ್ನೂ ಅಂಟಿಸದೆ ಎಲ್ಲವನ್ನೂ ಕೂರಿಸಿ ನೋಡಿ. ಬಾಗಿಲು ತೆರೆಯುತ್ತದೆಯೇ, ಕನೆಕ್ಷನ್ ಪೈಪ್ ಮುಟ್ಟುತ್ತದೆಯೇ, ಟ್ರ್ಯಾಪಿನ ಕೊಳವೆ ಗೋಡೆಯ ಬಾಯಿಗೆ ನೇರ ಬರುತ್ತದೆಯೇ. ನಮ್ಮದರಲ್ಲಿ ಟ್ರ್ಯಾಪ್ ಒಂದು ಇಂಚು ಕೆಳಗಾಗಿ ನೀರು ಗೋಡೆಯೊಳಕ್ಕೆ ಹತ್ತಿ ಹೋಗಬೇಕಾಗಿತ್ತು. ಕಪ್ಲಿಂಗ್‌ನಿಂದ ಇಳಿಯುವ ಕೊಳವೆಯನ್ನು ಗರಗಸದಿಂದ ಕತ್ತರಿಸಿ ಟ್ರ್ಯಾಪನ್ನು ಮೇಲಕ್ಕೆ ತಂದೆ. ಎಲ್ಲ ಅಂಟಿಸಿದ ಮೇಲೆ ಗೊತ್ತಾಗಿದ್ದರೆ ಅಳಬೇಕಿತ್ತು.

ನಲ್ಲಿಯನ್ನೂ ವೇಸ್ಟ್ ಕಪ್ಲಿಂಗನ್ನೂ ಬೇಸಿನ್ನನ್ನು ಕಪಾಟಿನ ಮೇಲೆ ಕೂರಿಸುವ ಮೊದಲೇ, ಹಾಸಿಗೆಯ ಮೇಲೆ ಬೋರಲು ಹಾಕಿಕೊಂಡು ಜೋಡಿಸಿ. ಕಪಾಟಿನೊಳಗೆ ತಲೆ ತೂರಿಸಿಕೊಂಡು ಮಾಡುವುದಕ್ಕಿಂತ ಹತ್ತು ಪಟ್ಟು ಸುಲಭ. ಪಿಂಗಾಣಿಗೆ ಲೋಹ ನೇರ ತಾಗದಂತೆ ನಡುವೆ ರಬ್ಬರ್ ವಾಷರ್ ಇರಲೇಬೇಕು.

ಟೆಫ್ಲಾನ್ ಸುತ್ತುವಾಗ ತಿರುಪು ಕೊರೆದ ತುದಿ ನಿಮ್ಮ ಕಡೆಗಿರಲಿ, ಟೇಪ್ ಗಡಿಯಾರದ ಮುಳ್ಳಿನ ದಿಕ್ಕಿಗೆ ಹೋಗಲಿ. ತಿರುವಿಗೆ ಎದುರಾಗಿ ಸುತ್ತಿದರೆ ಬಿಗಿ ಮಾಡುವಾಗ ಸುಲಿದು ಬರುತ್ತದೆ. ಜಿಐ ಸುರುಳಿಗೆ ಕೈತುಂಬ ಸುತ್ತಬಹುದು, 12-15 ಸುತ್ತು. ಕನೆಕ್ಷನ್ ಪೈಪಿನ ತಲೆಯಲ್ಲಿ ರಬ್ಬರ್ ವಾಷರ್ ಇರುತ್ತದೆ. ಅಲ್ಲಿಗೆ ಟೆಫ್ಲಾನ್ ಬೇಡ. ಕೈಯಿಂದ ಬಿಗಿ ಮಾಡಿ, ಪಾನಾದಿಂದ ಕಾಲು ಸುತ್ತು ಅಷ್ಟೇ. ಇನ್ನೂ ಸ್ವಲ್ಪ ಇರಲಿ ಎಂಬ ಆಸೆಗೆ ವಾಷರ್ ಹರಿಯುತ್ತದೆ.

ಸಿಲಿಕೋನ್ ಕೊನೆಗೆ. ಗೋಡೆ ಒಣಗಿರಬೇಕು. ಎರಡೂ ಕಡೆ ಕಾಗದದ ಟೇಪ್ ಅಂಟಿಸಿ, ನಡುವೆ ಎಳೆ ಬಿಟ್ಟು, ಸಾಬೂನು ನೀರಿನಲ್ಲಿ ಅದ್ದಿದ ಬೆರಳಿನಿಂದ ಒಂದೇ ಸಲ ಎಳೆದು, ಅದು ಹಸಿಯಿರುವಾಗಲೇ ಟೇಪ್ ಕಿತ್ತರೆ ಗೆರೆ ದರ್ಜಿಯ ಹೊಲಿಗೆಯಂತೆ ಬರುತ್ತದೆ. 24 ಗಂಟೆ ನೀರು ತಾಗಿಸಬೇಡಿ. ಅಂದರೆ ಇನ್ನೊಂದು ರಾತ್ರಿ ಅಡುಗೆಮನೆಯ ಸಿಂಕ್.

ನೀರು ಬಿಡುವ ದಿನ

ಆ್ಯಂಗಲ್ ಕಾಕ್‌ಗಳನ್ನು ಮುಚ್ಚಿಟ್ಟು ಮೊದಲು ಹೊರಗಿನ ವಾಲ್ವ್ ತೆರೆಯಿರಿ. ಎರಡೂ ಕಾಕ್‌ಗಳ ಬುಡವನ್ನು ಒಣ ಟಿಶ್ಯೂ ಕಾಗದದಿಂದ ಒರೆಸಿ ನೋಡಿ. ಕಣ್ಣಿಗೆ ಕಾಣದ ತೇವ ಕಾಗದಕ್ಕೆ ಕಾಣುತ್ತದೆ. ಅಲ್ಲಿ ಒಣಗಿದ್ದರೆ ಕಾಕ್‌ಗಳನ್ನು ಒಂದೊಂದಾಗಿ ತೆರೆದು ಮೇಲಿನ ಜೋಡಣೆಗಳಿಗೂ ಅದೇ ಪರೀಕ್ಷೆ ಮಾಡಿ. ಆಮೇಲೆ ಬೇಸಿನ್ನನ್ನು ಅಂಚಿನವರೆಗೆ ತುಂಬಿಸಿ ಒಮ್ಮೆಲೇ ಬಿಡಿ. ಸಣ್ಣ ಧಾರೆಗೆ ಸೋರದ ಟ್ರ್ಯಾಪು ತುಂಬಿದ ಬೇಸಿನ್ನಿಗೆ ಬಾಯಿಬಿಡುತ್ತದೆ. ನಮ್ಮದು ಬಿಟ್ಟಿತು. ಬುಡದ ವಾಷರ್ ಸೊಟ್ಟ ಕೂತಿತ್ತು, ಬಿಚ್ಚಿ ಕೂರಿಸಿದ ಮೇಲೆ ನಿಂತಿತು.

ರಾತ್ರಿ ಕಪಾಟಿನ ತಳಕ್ಕೆ ಹಳೆಯ ಪತ್ರಿಕೆ ಹಾಸಿ. ಒಂದು ಹನಿ ಬಿದ್ದಿದ್ದರೂ ಬೆಳಿಗ್ಗೆ ಕಾಗದ ಸುಕ್ಕುಗಟ್ಟಿ ಹೇಳುತ್ತದೆ, ಎಲ್ಲಿ ಎಂಬುದನ್ನೂ ತೋರಿಸುತ್ತದೆ. ನಾನು ಒಂದು ವಾರ ದಿನಾ ಹೊಸ ಪತ್ರಿಕೆ ಹಾಸಿದೆ. ಏಳನೆಯ ದಿನ ಕಾಕು ಮನೆಗೆ ಹೋಗಿ ಅವರ ಬಾತ್‌ರೂಮಿನಲ್ಲಿ ಸ್ಟೂಲ್ ಹತ್ತಿ ಸೂರನ್ನು ಅಂಗೈಯಿಂದ ಮುಟ್ಟಿ ನೋಡಿದೆ. ಹೊಸ ಬಣ್ಣ ಒಣಗಿತ್ತು. ಕಾಕು ಕೆಳಗೆ ನಿಂತು ಕೇಳಿದರು, "ನನ್ನದೂ ಒಂದು ಬೇಸಿನ್ ಇದೆ, ಯಾವಾಗ ಬರುತ್ತೀ?"

ಹಳೆಯ ಕಪಾಟನ್ನು ಮೆಟ್ಟಿಲ ಕೆಳಗೆ ಇಟ್ಟು ಮರೆಯುವುದು ಕಟ್ಟಡದ ಸಂಪ್ರದಾಯ, ಅದು ಬೇಡ. ಹಿಂಜು, ನಲ್ಲಿ, ಕಾಕ್‌ಗಳನ್ನು ಬಿಚ್ಚಿಕೊಂಡು ಹಲಗೆಗಳನ್ನು ಬಿಡಿಸಿ ಒಟ್ಟಿಗೆ ಕಟ್ಟಿ, ಒಡೆದ ಟೈಲ್ಸ್ ಬೇರೆ ಚೀಲಕ್ಕೆ ತುಂಬಿ ಡೆಬ್ರಿಸ್, ಅಂದರೆ ಒಡೆದ ಕಟ್ಟಡದ ಕಸ, ಒಯ್ಯುವವನಿಗೆ ಕೊಡಿ. ಮದುವೆಯಾಗಿ ಮುಂಬೈಗೆ ಬಂದ ಹೊಸದರಲ್ಲಿ ಕೆಳಗೆ ಗಾಡಿ ತಳ್ಳುತ್ತ ಒಬ್ಬ "ಭಂಗಾರ್, ಭಂಗಾರ್" ಎಂದು ಕೂಗುವುದನ್ನು ಕೇಳಿ, ಈ ಊರಿನಲ್ಲಿ ಚಿನ್ನವನ್ನು ಬೀದಿಯಲ್ಲಿ ಮಾರುತ್ತಾರಲ್ಲ ಎಂದು ಬಾಲ್ಕನಿಗೆ ಓಡಿದ್ದೆ. ಗುಜರಿ ಎಂದು ತಿಳಿಯಲು ಒಂದು ವಾರ ಹಿಡಿಯಿತು. ಈ ಸಲ ಆತ ಹಿತ್ತಾಳೆಯ ಕಾಕ್‌ಗಳನ್ನು ತಕ್ಕಡಿಗೆ ಹಾಕಿ 210 ರೂಪಾಯಿ ಎಣಿಸಿದ. ಉಬ್ಬಿದ ಹಲಗೆಯನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡಿ, ಬೇಡ ಎಂದು ತಲೆಯಾಡಿಸಿದ.